ಕುಸುಮ ರೋಗದ ಕುಟುಂಬಗಳಲ್ಲಿ ಹೆರಿಗೆ: ಮೂರನೇ ದಿನಕ್ಕೆ ಮುಗಿಯದ ಎಚ್ಚರ

ಹೆರಿಗೆ ಸುಸೂತ್ರವಾಗಿದೆ, ಮೂರನೇ ದಿನ ಆಸ್ಪತ್ರೆಯಿಂದ ಕಳಿಸಿದ್ದಾರೆ, ತವರಿನಲ್ಲಿ ಬಾಣಂತನ ನಡೆದಿದೆ. ಹತ್ತು ಹನ್ನೆರಡು ದಿನ ಕಳೆಯುವಾಗ, ಕಡಿಮೆಯಾಗುತ್ತ ಬಂದಿದ್ದ ರಕ್ತಸ್ರಾವ ಮತ್ತೆ ಜೋರಾಗುತ್ತದೆ. ಮನೆಯ ಹಿರಿಯರು ಉಷ್ಣವಾಯಿತು ಎನ್ನುತ್ತಾರೆ, ಬಾಣಂತಿ ಎದ್ದು ಓಡಾಡಿದ್ದು ಹೆಚ್ಚಾಯಿತು ಎನ್ನುತ್ತಾರೆ. ಹತ್ತಿರದ ಕ್ಲಿನಿಕ್‌ಗೆ ಹೋದರೆ ಮಾಸಿನ ಚೂರು ಉಳಿದಿರಬಹುದು, ಡಿಎನ್‌ಸಿ ಮಾಡಿಸಿ, ಗರ್ಭಕೋಶ ಸ್ವಚ್ಛವಾಗಲಿ ಎನ್ನುವ ಸಲಹೆ ಬರುತ್ತದೆ. ಮಾಸು ಉಳಿದಿರುವ ಸಾಧ್ಯತೆ ಇಲ್ಲದಿಲ್ಲ. ಆದರೆ ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟುವಲ್ಲಿ ಕೊರತೆ ಇರುವ ಹೆಣ್ಣುಮಕ್ಕಳಿಗೆ ಬೇರೆಯೇ ಕಾರಣವೊಂದಿದೆ, ಮತ್ತು ಅದು ಸರಿಯಾಗಿ ಈ ದಿನಗಳನ್ನೇ ಕಾದುಕೊಂಡು ಬರುತ್ತದೆ. ಅಂಥವರ ಹೆರಿಗೆಯ ತಯಾರಿಯನ್ನು ಹೆರಿಗೆ ಕೋಣೆಗೆ ಮುಗಿಸಬಾರದು. ಬಾಣಂತನದ ಆರು ವಾರಗಳನ್ನು ಮೊದಲು ಯೋಚಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕುಟುಂಬಗಳು ಅದನ್ನು ಹೇಗೆ ಮಾಡಬಹುದು ಎಂಬುದು ಈ ಲೇಖನದ ವಿಷಯ. ಇಲ್ಲಿರುವ ಅಂಕಿಗಳು ವೈದ್ಯರೊಂದಿಗೆ ಕುಳಿತು ಮಾತಾಡುವುದಕ್ಕೆ. ಅವನ್ನು ನೋಡಿ ಮನೆಯಲ್ಲೇ ಔಷಧಿ ಶುರುಮಾಡಬೇಡಿ.

ಗಂಡಸರಿಗೆ ಮಾತ್ರ ಬರುವುದಲ್ಲ

ರಕ್ತ ಹೆಪ್ಪುಗಟ್ಟಲು ಹಲವು ಅಂಶಗಳು ಸರಣಿಯಾಗಿ ಕೆಲಸ ಮಾಡಬೇಕು. ಅವುಗಳಿಗೆ ಫ್ಯಾಕ್ಟರ್ ಎನ್ನುತ್ತಾರೆ. ಎಂಟನೆಯದು ಕಡಿಮೆಯಿದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಕಡಿಮೆಯಿದ್ದರೆ ಹಿಮೋಫಿಲಿಯಾ ಬಿ; ಎರಡನ್ನೂ ಕನ್ನಡದಲ್ಲಿ ಕುಸುಮ ರೋಗ ಎಂದು ಕರೆಯುವ ರೂಢಿಯಿದೆ. ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಎ ವಿಧ ಬರುತ್ತದೆ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಾದ ಕಾರಣ, ಹೆಣ್ಣು ಅದನ್ನು ದಾಟಿಸುವವಳು ಮಾತ್ರ, ಅವಳಿಗೇನೂ ಆಗದು ಎಂದು ಬಹುಕಾಲ ವೈದ್ಯರೂ ನಂಬಿದ್ದರು. ಈಗ ಹಾಗೆ ಹೇಳುವಂತಿಲ್ಲ. ವಾಹಕರೆನಿಸಿದ ಹೆಂಗಸರಲ್ಲಿ ಸರಿಸುಮಾರು ಮೂರರಲ್ಲೊಬ್ಬರಿಗೆ ಫ್ಯಾಕ್ಟರ್ ಮಟ್ಟ ಶೇ 40ಕ್ಕಿಂತ ಕೆಳಗಿರುತ್ತದೆ, ಅಂದರೆ ಅವರಿಗೂ ಕಾಯಿಲೆ ಇದೆ. 2025ರ ಏಪ್ರಿಲ್ 17ರ ವಿಶ್ವ ಹಿಮೋಫಿಲಿಯಾ ದಿನವನ್ನು ಮಹಿಳೆಯರು ಮತ್ತು ಹೆಣ್ಣುಮಕ್ಕಳ ಹೆಸರಿಗೇ ಮೀಸಲಿಟ್ಟದ್ದು ಇದೇ ಕಾರಣಕ್ಕೆ. ಇನ್ನೊಂದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಇದನ್ನು ವರದಿ ಮಾಡಿದರು. ಅವರು ಗುರುತಿಸಿದ ಆಲೆಂಡ್ ದ್ವೀಪಗಳ ಬಾಲಕಿಯೊಬ್ಬಳು ಮುಂದೆ ಹದಿಮೂರನೇ ವಯಸ್ಸಿನಲ್ಲಿ, ತನ್ನ ನಾಲ್ಕನೇ ಮುಟ್ಟಿನ ರಕ್ತಸ್ರಾವದಿಂದಲೇ ತೀರಿಕೊಂಡಳು. ಈ ಕಾಯಿಲೆ ಗಂಡು ಹೆಣ್ಣು ಇಬ್ಬರಿಗೂ ಸಮನಾಗಿ ಬರುತ್ತದೆ, ತಂದೆಯಿಂದಲೂ ಬರುತ್ತದೆ. ಇವಲ್ಲದೆ ಏಳು, ಹತ್ತು, ಹದಿಮೂರನೇ ಫ್ಯಾಕ್ಟರ್‌ಗಳ ಕೊರತೆ, ಫೈಬ್ರಿನೋಜನ್ ಕೊರತೆ, ಪ್ಲೇಟ್‌ಲೆಟ್ ಕೆಲಸ ಮಾಡದ ಗ್ಲಾನ್ಸ್‌ಮನ್ ಕಾಯಿಲೆ ಮುಂತಾದ ಅಪರೂಪದವು ಇವೆ. ಇವು ಬರಬೇಕಾದರೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಲ್ಲೂ ದೋಷ ಅಡಗಿರಬೇಕು. ಸೋದರಿಕೆಯಲ್ಲಿ ಮದುವೆ ನಡೆಯುವ ಕುಟುಂಬಗಳಲ್ಲಿ ಇವು ಹೆಚ್ಚಾಗಿ ಕಾಣುವುದು ಅದರಿಂದ.

ಅಪಾಯ ತಡವಾಗಿ ಬರುವುದೇಕೆ

ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಕೃಷಿಕರು ತೋಡಿಗೆ ಕಟ್ಟ ಹಾಕುವುದನ್ನು ನೋಡಿದವರಿಗೆ ರಕ್ತ ನಿಲ್ಲುವ ಬಗೆ ಬೇಗ ಅರ್ಥವಾಗುತ್ತದೆ. ಮೊದಲು ಕಲ್ಲು ಜೋಡಿಸುತ್ತಾರೆ, ಆಮೇಲೆ ಸಂದುಗಳಿಗೆ ಮಣ್ಣು ತುಂಬಿ ಗಟ್ಟಿ ಮಾಡುತ್ತಾರೆ. ಗಾಯದ ಬಾಯಲ್ಲಿ ಪ್ಲೇಟ್‌ಲೆಟ್‌ಗಳು ಕೂರುವುದು ಕಲ್ಲಿನ ಕೆಲಸ. ಅವನ್ನು ಅಲ್ಲಿ ಹಿಡಿದು ನಿಲ್ಲಿಸುವುದು ವಾನ್ ವಿಲ್ಲೆಬ್ರಾಂಡ್ ಅಂಶ. ಎಂಟು, ಒಂಬತ್ತು ಮೊದಲಾದ ಫ್ಯಾಕ್ಟರ್‌ಗಳು ಸೇರಿ ಫೈಬ್ರಿನ್ ಎಂಬ ಬಲೆ ಹೆಣೆಯುವುದು ಮಣ್ಣಿನ ಕೆಲಸ. ಮಣ್ಣು ಕಡಿಮೆಯಾದ ಕಟ್ಟ ಮೊದಲ ದಿನವೇ ಒಡೆಯಬೇಕೆಂದಿಲ್ಲ; ಎರಡು ಮೂರು ದಿನ ನಿಂತು, ಆಮೇಲೆ ಸೋರತೊಡಗುತ್ತದೆ.

ಹೆರಿಗೆಯಲ್ಲಿ ಇದಕ್ಕೆ ಎರಡು ವಿಶೇಷಗಳು ಸೇರುತ್ತವೆ. ಮೊದಲನೆಯದು, ಮಾಸು ಕಳಚಿದ ಕೂಡಲೇ ರಕ್ತ ನಿಲ್ಲಿಸುವ ಮುಖ್ಯ ಕೆಲಸ ಗರ್ಭಕೋಶದ ಸ್ನಾಯುವಿನದು. ಅದು ಬಿಗಿಯಾಗಿ ಮುದುಡಿ ರಕ್ತನಾಳಗಳನ್ನು ಹಿಂಡಿ ಮುಚ್ಚುತ್ತದೆ. ಈ ಸ್ನಾಯುವಿಗೂ ಫ್ಯಾಕ್ಟರ್ ಕೊರತೆಗೂ ಸಂಬಂಧವಿಲ್ಲ. ಹಾಗಾಗಿ ಕಾಯಿಲೆ ಇರುವ ಎಷ್ಟೋ ಹೆಂಗಸರಿಗೆ ಹೆರಿಗೆಯ ಹೊತ್ತಿನಲ್ಲಿ ಎಲ್ಲರಷ್ಟೇ ರಕ್ತ ಹೋಗುತ್ತದೆ. ಎರಡನೆಯದು, ಬಸಿರಿನಲ್ಲಿ ದೇಹ ತಾನಾಗಿಯೇ ಎಂಟನೇ ಫ್ಯಾಕ್ಟರ್ ಮತ್ತು ವಾನ್ ವಿಲ್ಲೆಬ್ರಾಂಡ್ ಅಂಶವನ್ನು ಏರಿಸುತ್ತದೆ. ಕೊನೆಯ ಮೂರು ತಿಂಗಳಲ್ಲಿ ಅವು ಎರಡು ಮೂರು ಪಟ್ಟಾಗುವುದುಂಟು. ಸೌಮ್ಯ ರೂಪದ ಕಾಯಿಲೆ ಇರುವವರ ಪರೀಕ್ಷೆ ಒಂಬತ್ತನೇ ತಿಂಗಳಲ್ಲಿ ಆರೋಗ್ಯವಂತರಂತೆಯೇ ಬರುತ್ತದೆ. ಹೆರಿಗೆಯಾದ ಮೇಲೆ ಈ ಏರಿಕೆ ಇಳಿಯತೊಡಗುತ್ತದೆ, ಒಂದರಿಂದ ಮೂರು ವಾರದೊಳಗೆ ಮೊದಲಿದ್ದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮಾಸು ಇದ್ದ ಜಾಗದ ಗಾಯ ಮಾತ್ರ ಅಷ್ಟರೊಳಗೆ ಪೂರ್ತಿ ಮಾಗಿರುವುದಿಲ್ಲ. ರಕ್ಷಣೆ ಹೋಗಿದೆ, ಗಾಯ ಉಳಿದಿದೆ, ಬಾಣಂತಿ ಆಸ್ಪತ್ರೆಯಿಂದ ದೂರವಿದ್ದಾಳೆ: ಮೂರೂ ಒಂದೇ ವಾರದಲ್ಲಿ ಕೂಡುತ್ತವೆ.

ಎಲ್ಲರಿಗೂ ಈ ಏರಿಕೆ ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಒಂಬತ್ತನೇ ಫ್ಯಾಕ್ಟರ್ ಬಸಿರಿನಲ್ಲಿ ಹೇಳಿಕೊಳ್ಳುವಷ್ಟು ಏರುವುದಿಲ್ಲ. ತೀವ್ರವಾದ, ಅಂದರೆ ಮೂರನೇ ವಿಧದ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಲ್ಲಿ ಏರಲು ಅಂಶವೇ ಇರುವುದಿಲ್ಲ. ಎರಡನೇ ವಿಧದ ಬಿ ಉಪವಿಧದಲ್ಲಿ ಬಸಿರು ಬೆಳೆದಂತೆ ಪ್ಲೇಟ್‌ಲೆಟ್ ಇಳಿಯಬಹುದು. ಹದಿಮೂರನೇ ಫ್ಯಾಕ್ಟರ್ ತೀವ್ರವಾಗಿ ಕಡಿಮೆಯಿದ್ದರೆ ಬಸಿರು ನಿಲ್ಲುವುದೇ ಕಷ್ಟ. ಮೇಲಿಂದ ಮೇಲೆ ಗರ್ಭಪಾತವಾಗುತ್ತದೆ. ಆದ್ದರಿಂದ ರಕ್ತದ ತೊಂದರೆ ಇದೆ ಎಂದಷ್ಟೇ ಹೇಳಿದರೆ ಸಾಲದು. ಯಾವ ಕಾಯಿಲೆ, ಯಾವ ವಿಧ, ಬಸಿರಿಗೆ ಮೊದಲು ಮಟ್ಟ ಎಷ್ಟಿತ್ತು ಎಂಬ ಮೂರು ಮಾಹಿತಿ ಕೈಯಲ್ಲಿರಬೇಕು.

ಮೊದಲ ಕೆಲಸ: ಕುಟುಂಬದ ಲೆಕ್ಕ

ಈ ಮಾಹಿತಿ ಇಲ್ಲದ ಮನೆಗಳೇ ಹೆಚ್ಚು. ಮುಟ್ಟು ಏಳು ದಿನ ದಾಟುವುದು, ಗಂಟೆಗೋ ಎರಡು ಗಂಟೆಗೋ ಪ್ಯಾಡ್ ಬದಲಿಸಬೇಕಾಗುವುದು, ಹಲ್ಲು ಕೀಳಿಸಿದ ಮೇಲೆ ಮರುದಿನವೂ ರಕ್ತ ಬರುವುದು, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿರುವುದು, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಏಳುವುದು, ಎಳವೆಯಲ್ಲಿ ಹೊಕ್ಕುಳಿಂದ ರಕ್ತ ಹೋಗಿದ್ದುದು, ಹಿಂದಿನ ಹೆರಿಗೆಯಲ್ಲೋ ಗರ್ಭಪಾತದಲ್ಲೋ ರಕ್ತ ಏರಿಸಬೇಕಾಗಿ ಬಂದದ್ದು: ಇವುಗಳಲ್ಲಿ ಎರಡು ಇದ್ದರೂ ಪರೀಕ್ಷೆಗೆ ಸಾಕಷ್ಟು ಕಾರಣ. ಅಮ್ಮನಿಗೂ ದೊಡ್ಡಮ್ಮನಿಗೂ ಹಾಗೆಯೇ ಇತ್ತು ಎಂಬ ಮಾತು ನಮ್ಮಲ್ಲಿ ಸಮಾಧಾನಕ್ಕೆ ಬಳಕೆಯಾಗುತ್ತದೆ. ಅನುವಂಶಿಕ ಕಾಯಿಲೆಯ ವಿಷಯದಲ್ಲಿ ಅದು ಸಮಾಧಾನವಲ್ಲ, ಸಾಕ್ಷ್ಯ.

ಹಿಮೋಫಿಲಿಯಾದ ಜಾಡು ಹಿಡಿಯುವಲ್ಲಿ ತುಳುನಾಡಿಗೆ ಒಂದು ಅನುಕೂಲವಿದೆ. ಬಂಟ, ಬಿಲ್ಲವ ಮೊದಲಾದ ಅಳಿಯಕಟ್ಟಿನ ಕುಟುಂಬಗಳಲ್ಲಿ ಬರಿ, ಅಂದರೆ ವಂಶದ ಹೆಸರು, ತಾಯಿಯಿಂದ ಬರುತ್ತದೆ. ಅಜ್ಜಿಯ ಅಣ್ಣತಮ್ಮಂದಿರು, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳು ಯಾರು, ಅವರಲ್ಲಿ ಗಂಟು ಊದಿಕೊಂಡು ನರಳಿದವರು ಯಾರು, ಚಿಕ್ಕಂದಿನಲ್ಲೇ ತೀರಿಕೊಂಡವರು ಯಾರು ಎಂಬುದು ಕುಟುಂಬದ ಮನೆಯ ಹಿರಿಯರಿಗೆ ಬಾಯಿಪಾಠ. ಹಿಮೋಫಿಲಿಯಾ ಹರಿಯುವ ಮುಖ್ಯ ದಾರಿಯೂ ಅದೇ. ಗೋತ್ರ ತಂದೆಯಿಂದ ಬರುವ ಮನೆತನಗಳಲ್ಲಿ ಅಜ್ಜಿಯ ತವರಿನ ಸಂಗತಿ ಎರಡು ತಲೆಮಾರಿಗೆ ಮರೆತುಹೋಗುತ್ತದೆ. ಅವರು ಪ್ರಯತ್ನಪಟ್ಟು ಕೇಳಿ ತಿಳಿಯಬೇಕು. ಆದರೆ ಬರಿಯ ಲೆಕ್ಕವನ್ನೇ ನಂಬಿದವರಿಗೆ ತಪ್ಪಿಹೋಗುವ ಒಂದು ಕವಲಿದೆ. ಕಾಯಿಲೆ ಇರುವ ಗಂಡಸಿನ ಹೆಣ್ಣುಮಕ್ಕಳೆಲ್ಲರೂ ಖಚಿತವಾಗಿ ವಾಹಕರು, ಯಾಕೆಂದರೆ ಅವನಲ್ಲಿರುವುದು ಒಂದೇ ಎಕ್ಸ್, ಅದು ಮಗಳಿಗೇ ಹೋಗಬೇಕು. ಆ ಮಗಳ ಬರಿ ಮಾತ್ರ ಅವಳ ತಾಯಿಯದು. ಕಾಯಿಲೆ ಹೊಸ ಬರಿಯೊಳಗೆ ಹೊಕ್ಕಿರುತ್ತದೆ, ಆ ಕಡೆಯವರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ಹಿಂದೆ ಇಂಥ ಗಂಡಸರು ಮದುವೆಯ ವಯಸ್ಸು ಮುಟ್ಟುವುದೇ ಕಷ್ಟವಾಗಿತ್ತು. ಈಗ ಫ್ಯಾಕ್ಟರ್ ಸಿಗುವಂತಾಗಿ ಅವರು ಬದುಕಿ, ದುಡಿದು, ತಂದೆಯಾಗುತ್ತಿದ್ದಾರೆ. ಇದು ಸಂತೋಷದ ವಿಷಯ. ಜತೆಗೆ ಅಪ್ಪನ ಕಡೆಯನ್ನೂ ವಿಚಾರಿಸಬೇಕಾದ ಕಾಲ ಬಂದಿದೆ.

ಕುಟುಂಬದಲ್ಲಿ ಯಾರಿಗೂ ಇಲ್ಲವಲ್ಲ ಎನ್ನುವವರಿಗೂ ಒಂದು ಮಾತು: ಹಿಮೋಫಿಲಿಯಾದಲ್ಲಿ ಸುಮಾರು ಮೂರರಲ್ಲೊಂದು ಪ್ರಕರಣಕ್ಕೆ ಹಿಂದಿನ ಚರಿತ್ರೆಯೇ ಇರುವುದಿಲ್ಲ. ಹಾಗಿರುವಾಗ ಹೆಣ್ಣಿನ ಕಡೆಯವರು ಮುಚ್ಚಿಟ್ಟು ಮದುವೆ ಮಾಡಿದರು ಎಂಬ ಆರೋಪಕ್ಕೆ ಎಷ್ಟೋ ಸಲ ಅರ್ಥವೇ ಇಲ್ಲ. ಮುಚ್ಚಿಡುವಂತೆ ಮಾಡುವುದೂ ಇಂಥ ಆರೋಪದ ಭಯವೇ. ಸಂಬಂಧ ಕೂಡಿಬರುವಾಗ ಹೇಳಿದರೆ ಮುರಿದೀತು ಎಂಬ ತಂದೆ ತಾಯಿಯ ಹೆದರಿಕೆ ಸುಳ್ಳಲ್ಲ. ಆದರೆ ತಿಳಿದು ನಡೆಸಿದ ಹೆರಿಗೆಗೂ ತಿಳಿಯದೆ ನಡೆದ ಹೆರಿಗೆಗೂ ಇರುವ ಅಂತರದ ಮುಂದೆ ಆ ಹೆದರಿಕೆಯನ್ನು ಬದಿಗಿಡಲೇಬೇಕು.

ಬಸಿರಿನ ತಿಂಗಳುಗಳಲ್ಲಿ

1. ಸಾಧ್ಯವಿದ್ದರೆ ಬಸಿರಿಗೆ ಮೊದಲೇ ಮಟ್ಟ ಪರೀಕ್ಷೆ ಮಾಡಿಸಿ. ಬಸಿರಿನ ಕೊನೆಯಲ್ಲಿ ಮಾಡಿಸಿದ ಪರೀಕ್ಷೆ ಸೌಮ್ಯ ಕಾಯಿಲೆಯನ್ನು ಮರೆಮಾಡುತ್ತದೆ. ತಡವಾಗಿದ್ದರೆ ಕುಟುಂಬದ ಚರಿತ್ರೆಯನ್ನೇ ಆಧಾರವಾಗಿಟ್ಟು ಕಾಯಿಲೆ ಇದೆಯೆಂದೇ ತಯಾರಾಗುವುದು ಸುರಕ್ಷಿತ.

2. ತಾಯಿ ಕಾರ್ಡ್ ಮಾಡಿಸುವಾಗಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಅಪಾಯದ ಬಸಿರು ಎಂದು ದಾಖಲಾಗಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರ ವಿಶೇಷ ತಪಾಸಣೆ 2016ರಿಂದ ನಡೆಯುತ್ತಿದೆ. ಮಂಗಳೂರಿಗೆ ಕಳಿಸುವ ಚೀಟಿಯನ್ನು ಅಂದೇ ಕೇಳಬಹುದು.

3. ಮಟ್ಟದ ಪರೀಕ್ಷೆ ಒಂದೇ ಸಲಕ್ಕೆ ಮುಗಿಯುವುದಲ್ಲ. ಮೊದಲ ಭೇಟಿಯಲ್ಲಿ, 28ನೇ ವಾರದ ಸುಮಾರಿಗೆ ಮತ್ತು 34ನೇ ವಾರದ ಸುಮಾರಿಗೆ ಆಗಬೇಕು. ಕೊನೆಯ ಫಲಿತಾಂಶವನ್ನು ನೋಡಿ ಹೆರಿಗೆಗೆ ಫ್ಯಾಕ್ಟರ್ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುತ್ತಾರೆ.

4. ಕಬ್ಬಿಣಾಂಶದ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ವರ್ಷಗಟ್ಟಲೆ ಮುಟ್ಟಿನಲ್ಲಿ ರಕ್ತ ಕಳೆದುಕೊಂಡವರ ದೇಹದಲ್ಲಿ ಕಬ್ಬಿಣಾಂಶದ ದಾಸ್ತಾನು ಬರಿದಾಗಿರುತ್ತದೆ. ಹಿಮೋಗ್ಲೋಬಿನ್ 11 ಇದ್ದವರು ತಡೆದುಕೊಳ್ಳುವ ರಕ್ತಸ್ರಾವವನ್ನು 7 ಇದ್ದವರು ತಡೆದುಕೊಳ್ಳಲಾರರು. ಮಾತ್ರೆಯಿಂದ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ವ್ಯವಸ್ಥೆಯಿದೆ.

5. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ರಕ್ತದೊತ್ತಡ ಏರದಂತೆ ಇಕೋಸ್ಪ್ರಿನ್ ಎಂಬ ಆಸ್ಪಿರಿನ್ ಮಾತ್ರೆ ಬರೆದುಕೊಡುವುದು ಈಗ ಸಾಮಾನ್ಯ. ಬರೆದವರಿಗೆ ನಿಮ್ಮ ಕಾಯಿಲೆ ಗೊತ್ತಿದೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಟ್ಟ ಕಡಿಮೆಯಿರುವಾಗ ಸ್ನಾಯುವಿಗೆ ಚುಚ್ಚುಮದ್ದು ಹಾಕುವ ಮೊದಲೂ ಕೇಳಬೇಕು.

6. ಹುಟ್ಟುವ ಮಗುವಿಗೆ ಕಾಯಿಲೆ ಇದೆಯೇ ಎಂದು ಮೊದಲೇ ತಿಳಿಯಬೇಕೆನ್ನುವವರು ಬಸಿರು ನಿಲ್ಲುವ ಮೊದಲೇ ತಳಿ ಪರೀಕ್ಷೆಯ ಮಾತು ಎತ್ತಬೇಕು. ಕುಟುಂಬದ ದೋಷ ಯಾವುದೆಂದು ಗೊತ್ತಿದ್ದರೆ 11ರಿಂದ 14ನೇ ವಾರದೊಳಗೆ ಮಾಸಿನ ಅಂಶ ತೆಗೆದು ಪರೀಕ್ಷಿಸಬಹುದು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯೇ ನೋಂದಾಯಿತ ಕೇಂದ್ರಗಳಲ್ಲಿ, ಲಿಂಗಸಂಬಂಧಿ ಅನುವಂಶಿಕ ಕಾಯಿಲೆಗಳಿಗಾಗಿ ಇಂಥ ಪರೀಕ್ಷೆಗೆ ಅವಕಾಶ ಕೊಟ್ಟಿದೆ.

ಹೊರದೇಶಗಳ ಮಾರ್ಗದರ್ಶಿಗಳನ್ನು ಓದುವವರು ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಹಿಮೋಫಿಲಿಯಾ ವಾಹಕಿಯ ಮಗು ಗಂಡೋ ಹೆಣ್ಣೋ ಎಂದು ಆರಂಭದಲ್ಲೇ ತಿಳಿದುಕೊಂಡು, ಗಂಡಾದರೆ ವಿಶೇಷ ಎಚ್ಚರ ವಹಿಸುತ್ತಾರೆ. ನಮ್ಮಲ್ಲಿ ಲಿಂಗ ಹೇಳುವಂತಿಲ್ಲ, ಹೇಳಲೂಬಾರದು. ಆದ್ದರಿಂದ ನಮ್ಮ ನಿಯಮ ಸರಳ: ಮಗು ಯಾವುದೇ ಇರಲಿ, ಅದಕ್ಕೆ ಕಾಯಿಲೆ ಇರಬಹುದು ಎಂದುಕೊಂಡೇ ಹೆರಿಗೆ ಮಾಡಿಸುವುದು.

ಆಸ್ಪತ್ರೆಯ ಆಯ್ಕೆ

ಬಂಟ್ವಾಳದ ಬಿ.ಸಿ.ರೋಡ್‌ನಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ ಸುಮಾರು 35, ಬೆಳ್ತಂಗಡಿಯಿಂದ ಸುಮಾರು 60. ಸಾಮಾನ್ಯ ಹೆರಿಗೆ ನಡೆಸುವ ಆಸ್ಪತ್ರೆಗಳು ಮೂರೂ ಕಡೆ ಇವೆ. ಅಷ್ಟು ದೂರ ಯಾಕೆ ಹೋಗಬೇಕು, ಅವಸರಕ್ಕೆ ಹತ್ತಿರದ್ದೇ ಒಳ್ಳೆಯದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಉತ್ತರ ಕಾಯಿಲೆಯ ಮಟ್ಟವನ್ನು ಅವಲಂಬಿಸಿದೆ. ಕೊನೆಯ ತಿಂಗಳ ಪರೀಕ್ಷೆಯಲ್ಲಿ ಮಟ್ಟ ಚೆನ್ನಾಗಿ ಏರಿದೆ, ಮಗುವಿಗೆ ತೀವ್ರ ಕಾಯಿಲೆ ಬರುವ ಸಾಧ್ಯತೆ ಇಲ್ಲ ಎಂದು ರಕ್ತರೋಗ ತಜ್ಞರು ಬರೆದುಕೊಟ್ಟರೆ, ರಕ್ತದ ವ್ಯವಸ್ಥೆ ಇರುವ ಹತ್ತಿರದ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಬಹುದು. ಮಟ್ಟ ಶೇ 50 ಮುಟ್ಟದಿದ್ದರೆ, ಕಾಯಿಲೆ ತೀವ್ರ ವಿಧದ್ದಾದರೆ, ಅಥವಾ ಮಗುವಿಗೆ ತೀವ್ರ ಹಿಮೋಫಿಲಿಯಾ ಬರುವ ಸಾಧ್ಯತೆ ಇದ್ದರೆ, ಫ್ಯಾಕ್ಟರ್, ರಕ್ತನಿಧಿ, ಅರಿವಳಿಕೆ ತಜ್ಞ, ನವಜಾತ ಶಿಶು ಘಟಕ ಇವಿಷ್ಟೂ ಒಟ್ಟಿಗಿರುವ ಕಡೆ ಹೋಗಲೇಬೇಕು. ಮಂಗಳೂರಿನ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆ, ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಮೂಡುಬಿದಿರೆಯವರಿಗೆ ಕಾರ್ಕಳದ ಮೇಲಾಗಿ ಮಣಿಪಾಲ: ಆಯ್ಕೆಗಳು ಇವೆ.

ಆಯ್ಕೆ ಮಾಡಿದ ಆಸ್ಪತ್ರೆಯಲ್ಲಿ ಎಂಟನೇ ತಿಂಗಳು ತುಂಬುವ ಮೊದಲೇ ಕೇಳಿ ತಿಳಿಯಬೇಕಾದ್ದು ಫ್ಯಾಕ್ಟರ್ ಎಲ್ಲಿದೆ ಎಂಬುದನ್ನು. ಕರ್ನಾಟಕದಲ್ಲಿ ಜಿಲ್ಲಾಸ್ಪತ್ರೆಗಳ ಮೂಲಕ ಫ್ಯಾಕ್ಟರ್ ಉಚಿತವಾಗಿ ಸಿಗುತ್ತದೆ. ನಮ್ಮ ಜಿಲ್ಲೆಗೆ ಅದು ಮಂಗಳೂರಿನ ವೆನ್ಲಾಕ್ ಆಸ್ಪತ್ರೆ. ನಿಮಗೆ ಬೇಕಾದ ಫ್ಯಾಕ್ಟರ್ ದಾಸ್ತಾನಿನಲ್ಲಿದೆಯೇ, ರಾತ್ರಿ ಹೊತ್ತು ಯಾರ ಸಹಿ ಬೇಕು, ಹೆರಿಗೆ ಬೇರೆ ಆಸ್ಪತ್ರೆಯಲ್ಲಾದರೆ ತಂದುಕೊಡುವವರು ಯಾರು ಎಂಬುದನ್ನು ಬರೆದಿಟ್ಟುಕೊಳ್ಳಿ. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು: ಪ್ರಯೋಗಾಲಯದಲ್ಲಿ ತಯಾರಾಗುವ ಎಂಟನೇ ಫ್ಯಾಕ್ಟರ್‌ನಲ್ಲಿ ವಾನ್ ವಿಲ್ಲೆಬ್ರಾಂಡ್ ಅಂಶ ಇರುವುದಿಲ್ಲ. ಪ್ಲಾಸ್ಮಾದಿಂದ ತೆಗೆದ, ಎರಡೂ ಅಂಶ ಇರುವ ಔಷಧಿಯೇ ಬೇಕು. ಅದು ಸಿಗದಿದ್ದರೆ ರಕ್ತನಿಧಿಯ ಕ್ರಯೋಪ್ರೆಸಿಪಿಟೇಟ್ ಕೆಲಸಕ್ಕೆ ಬರುತ್ತದೆ; ಅದರಲ್ಲಿ ಎಂಟು, ಹದಿಮೂರು, ವಾನ್ ವಿಲ್ಲೆಬ್ರಾಂಡ್ ಮತ್ತು ಫೈಬ್ರಿನೋಜನ್ ಇವೆ. ಒಂಬತ್ತನೆಯದು ಅದರಲ್ಲಿ ಇಲ್ಲ. ದಾವಣಗೆರೆಯಲ್ಲಿ ನೆಲೆಗೊಂಡು, ಡಾ. ಸುರೇಶ್ ಹನಗವಾಡಿ ಅವರ ನೇತೃತ್ವದಲ್ಲಿ ಬೆಳೆದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳು ಇಂಥ ಮಾಹಿತಿಗೆ ದಾರಿ ತೋರಿಸುತ್ತವೆ. ಸ್ವತಃ ಹಿಮೋಫಿಲಿಯಾ ಇರುವ ವೈದ್ಯರೇ ಕಟ್ಟಿದ ಸಂಸ್ಥೆ ಅದು.

ಜೂನ್‌ನಿಂದ ಆಗಸ್ಟ್‌ವರೆಗೆ ದಿನ ತುಂಬುವವರಿಗೆ ಒಂದು ಹೆಚ್ಚಿನ ಸೂಚನೆ. ಚಾರ್ಮಾಡಿಯ ಬುಡದ ಹಳ್ಳಿಗಳಲ್ಲಿ ಹಳ್ಳ ತುಂಬಿದರೆ ರಸ್ತೆಯೇ ಇರುವುದಿಲ್ಲ. ನೋವು ಶುರುವಾದ ಮೇಲೆ 108ಕ್ಕೆ ಕರೆ ಮಾಡುವ ಲೆಕ್ಕ ಅಲ್ಲಿ ನಡೆಯದು. 37ನೇ ವಾರಕ್ಕೆ ಮಂಗಳೂರಿನ ಹತ್ತಿರದ ನೆಂಟರ ಮನೆಗೆ ಬಂದು ಇರುವುದು ಒಳ್ಳೆಯದು.

ಹೆರಿಗೆಯ ದಿನ

ಸಿಸೇರಿಯನ್ ಮಾಡಿಸಿದರೆ ಸುರಕ್ಷಿತ ಎಂಬ ನಂಬಿಕೆ ಮನೆಯವರಲ್ಲೂ ಕೆಲವು ವೈದ್ಯರಲ್ಲೂ ಇದೆ. ತಾಯಿಗೆ ಕಾಯಿಲೆ ಇದೆ ಎಂಬುದೊಂದೇ ಸಿಸೇರಿಯನ್‌ಗೆ ಕಾರಣವಾಗದು. ಅದು ದೊಡ್ಡ ಗಾಯ, ಮಾಗಲು ಹೆಚ್ಚು ದಿನ ಬೇಕು, ಅಷ್ಟು ದಿನವೂ ಫ್ಯಾಕ್ಟರ್ ಬೇಕು. ಮಗುವಿಗೆ ತೀವ್ರ ಹಿಮೋಫಿಲಿಯಾ ಇರುವ ಸಾಧ್ಯತೆ ಇದ್ದಾಗ ಮಾತ್ರ ತಜ್ಞರು ಎರಡೂ ಬದಿ ತೂಗಿ ಹೇಳುತ್ತಾರೆ. ಸಹಜ ಹೆರಿಗೆಯಾದರೆ ನಿರ್ವಾತ ಉಪಕರಣದಿಂದ ಮಗುವನ್ನು ಎಳೆಯುವುದು, ಇಕ್ಕುಳ ಹಾಕುವುದು, ಮಗುವಿನ ನೆತ್ತಿಗೆ ತಂತಿ ಚುಚ್ಚಿ ಹೃದಯಬಡಿತ ನೋಡುವುದು ಬೇಡವೆಂದು ಮೊದಲೇ ಹೇಳಿಡಬೇಕು. ಕಾಯಿಲೆ ಇರುವ ಮಗುವಿನ ತಲೆಯೊಳಗೆ ರಕ್ತಸ್ರಾವವಾಗುವ ಅಪಾಯ ಇವುಗಳಿಂದ ಹೆಚ್ಚುತ್ತದೆ. ಹೆರಿಗೆ ಬಹಳ ಹೊತ್ತು ಎಳೆಯುವಂತಿದ್ದರೆ ಸಿಸೇರಿಯನ್ ತೀರ್ಮಾನ ತಡವಾಗದಿರುವುದು ಒಳ್ಳೆಯದು.

ತಾಯಿಯ ಮಟ್ಟ ಹೆರಿಗೆಯ ಹೊತ್ತಿಗೆ ಕನಿಷ್ಠ ಶೇ 50 ಇರಬೇಕು ಎಂಬುದು ಸಾಮಾನ್ಯ ಗುರಿ. ಇನ್ನೂ ಹೆಚ್ಚಿರಲಿ ಎನ್ನುವ ತಜ್ಞರೂ ಇದ್ದಾರೆ. ಬೆನ್ನಿಗೆ ಅರಿವಳಿಕೆ ಕೊಡುವುದಕ್ಕೂ ಇದೇ ಮಿತಿ. ಕೆಲವು ವಿಧಗಳಲ್ಲಿ ಬೆನ್ನಿನ ಅರಿವಳಿಕೆಯೇ ಬೇಡವಾಗುತ್ತದೆ, ಆದ್ದರಿಂದ ಅರಿವಳಿಕೆ ತಜ್ಞರನ್ನು ಮೊದಲೇ ಕಾಣಬೇಕು. ಸಹಜ ಹೆರಿಗೆಯಾದ ಮೇಲೆ ಕನಿಷ್ಠ ಮೂರು ದಿನ, ಸಿಸೇರಿಯನ್ ಆದರೆ ಕನಿಷ್ಠ ಐದು ದಿನ ಆ ಮಟ್ಟ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಟ್ರಾನೆಕ್ಸಾಮಿಕ್ ಆಮ್ಲ ಎಂಬ ಅಗ್ಗದ ಔಷಧಿ ಇಲ್ಲಿ ದೊಡ್ಡ ಆಸರೆ: ಆಗಲೇ ಕಟ್ಟಿದ ಹೆಪ್ಪು ಕರಗದಂತೆ ಅದು ತಡೆಯುತ್ತದೆ. 21 ದೇಶಗಳ 20,060 ಮಹಿಳೆಯರಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ, ಹೆರಿಗೆಯ ರಕ್ತಸ್ರಾವದಲ್ಲಿ ಮೂರು ಗಂಟೆಯೊಳಗೆ ಇದನ್ನು ಕೊಟ್ಟರೆ ರಕ್ತ ಹೋಗಿ ಆಗುವ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿತು. ರಕ್ತ ಬೇಡದ ಕಡೆ ಗಡ್ಡೆ ಕಟ್ಟೀತು ಎಂಬ ಭಯ ಸಹಜ. ಆ ಅಧ್ಯಯನದಲ್ಲಿ ಅಂಥ ತೊಂದರೆ ಹೆಚ್ಚಾಗಲಿಲ್ಲ. ಆದರೂ ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು ಹೇಳಲೇಬೇಕು.

ಬಾಣಂತನದ ಆರು ವಾರ

ಇಡೀ ಯೋಜನೆಯ ಗಟ್ಟಿತನ ಇಲ್ಲಿ ಗೊತ್ತಾಗುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಟ್ರಾನೆಕ್ಸಾಮಿಕ್ ಮಾತ್ರೆ ಕೈಯಲ್ಲಿರಬೇಕು. ಇಂಥ ಬಾಣಂತಿಯರಿಗೆ ಹತ್ತರಿಂದ ಹದಿನಾಲ್ಕು ದಿನ, ಬೇಕಾದರೆ ಇನ್ನೂ ಹೆಚ್ಚು ದಿನ ಕೊಡುವುದು ಈಗಿನ ಪದ್ಧತಿ. ಎದೆಹಾಲಿಗೆ ಸೇರುವ ಪ್ರಮಾಣ ತೀರಾ ಸಣ್ಣದು, ಮಾತ್ರೆಗೆಂದು ಹಾಲು ಬಿಡಿಸಬೇಕಾಗಿಲ್ಲ. ಬಿಡುಗಡೆಯ ಚೀಟಿಯಲ್ಲಿ ಕಾಯಿಲೆಯ ಪೂರ್ಣ ಹೆಸರು, ಬಸಿರಿಗೆ ಮೊದಲಿನ ಮಟ್ಟ, ಕೊಟ್ಟ ಔಷಧಿ, ರಾತ್ರಿಯಲ್ಲೂ ಎತ್ತುವ ಒಂದು ದೂರವಾಣಿ ಸಂಖ್ಯೆ ಇರಲಿ. ಮತ್ತೆ ತೋರಿಸುವ ದಿನ ಆರು ವಾರಕ್ಕಲ್ಲ, ಒಂದು ವಾರಕ್ಕೆ ಮತ್ತು ಎರಡು ವಾರಕ್ಕೆ ನಿಗದಿಯಾಗಲಿ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಕೇಳಬೇಕಾದ ಪ್ರಶ್ನೆ ಗೊತ್ತಿರಲಿ: ರಕ್ತ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆಯೇ, ನಿಂತದ್ದು ಮತ್ತೆ ಬಂತೇ?

ತವರಿನವರು ದಿನಕ್ಕೆ ಎಷ್ಟು ಪ್ಯಾಡ್ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕು. ನೋಡಲು ಸಣ್ಣ ಕೆಲಸ. ಆದರೆ ಇವತ್ತು ಸ್ವಲ್ಪ ಹೆಚ್ಚು ಎಂಬ ಮಾತಿಗಿಂತ ನಿನ್ನೆ ನಾಲ್ಕು, ಇವತ್ತು ಒಂಬತ್ತು ಎಂಬ ಬರಹಕ್ಕೆ ವೈದ್ಯರು ಬೇಗ ಓಗೊಡುತ್ತಾರೆ. ಗಂಟೆಗೊಂದರಂತೆ ಎರಡು ಗಂಟೆ ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬಿದ್ದರೆ, ಎದ್ದಾಗ ಕಣ್ಣು ಕತ್ತಲಿಟ್ಟರೆ, ಹೊಲಿಗೆಯ ಜಾಗ ಊದಿ ಬಿಗಿಯಾಗಿ ನೋಯತೊಡಗಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಬಾಣಂತಿಗೆ ಬಿಸಿನೀರಿನ ಸ್ನಾನ, ಪಥ್ಯ, ಮನೆಯ ಲೇಹ್ಯ ಇವನ್ನೆಲ್ಲ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಹೊಟ್ಟೆಯ ಮೇಲೆ ಬಲವಾಗಿ ಒತ್ತಿ ತಿಕ್ಕುವುದು, ಎತ್ತರದಿಂದ ಬಿಸಿನೀರು ಎರಚುವುದು, ಹೊಟ್ಟೆ ಬಿಗಿದು ಕಟ್ಟುವುದು, ಇವು ಬೇಡ. ಮೈಕೈ ನೋವಿಗೆ ಅಂಗಡಿಯಿಂದ ತಂದ ಮಾತ್ರೆ ಖಂಡಿತ ಬೇಡ. ಸಿಸೇರಿಯನ್ ಆದವರಿಗೆ ರಕ್ತ ತೆಳುವಾಗಿಸುವ ಹೆಪಾರಿನ್ ಚುಚ್ಚುಮದ್ದು ವಾಡಿಕೆಯಂತೆ ಕೊಡುವ ಕಡೆ, ರಕ್ತರೋಗ ತಜ್ಞರನ್ನು ಕೇಳಿದ್ದಾರೆಯೇ ಎಂದು ವಿಚಾರಿಸಿ. ರಕ್ತ ಜೋರಾದಾಗ ಡಿಎನ್‌ಸಿ ಮಾಡಬೇಕೆಂದರೆ, ಮೊದಲು ಸ್ಕ್ಯಾನಿಂಗ್, ಫ್ಯಾಕ್ಟರ್ ಮಟ್ಟ. ಕೊರತೆ ಇದ್ದರೆ ಅದನ್ನು ತುಂಬಿದ ಮೇಲಷ್ಟೇ ಶಸ್ತ್ರ.

ಮಗುವಿನ ವಿಷಯ

ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಅದರಿಂದಲೇ ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು ಸುಲಭ, ಮಗುವಿಗೆ ಚುಚ್ಚಬೇಕಾಗಿಲ್ಲ. ಎಂಟನೇ ಫ್ಯಾಕ್ಟರ್‌ನ ಕೊರತೆ ಅಲ್ಲೇ ತಿಳಿಯುತ್ತದೆ. ಒಂಬತ್ತನೆಯದು ಎಲ್ಲ ಶಿಶುಗಳಲ್ಲೂ ಕಡಿಮೆಯೇ ಇರುವುದರಿಂದ, ಸೌಮ್ಯ ಕೊರತೆಯನ್ನು ಆರು ತಿಂಗಳ ಮೇಲೆ ಮತ್ತೊಮ್ಮೆ ನೋಡಬೇಕು. ವಾನ್ ವಿಲ್ಲೆಬ್ರಾಂಡ್ ಅಂಶ ಹುಟ್ಟುವಾಗ ಏರಿರುತ್ತದೆ, ಅದಕ್ಕೂ ಮರುಪರೀಕ್ಷೆ ಬೇಕು. ಫಲಿತಾಂಶ ಬರುವವರೆಗೆ ವಿಟಮಿನ್ ಕೆ ಬಾಯಿಯ ಮೂಲಕ ಕೊಡಬಹುದು. ಹೆಪಟೈಟಿಸ್ ಬಿ ಲಸಿಕೆಯನ್ನು ತಪ್ಪಿಸಬಾರದು. ಸಣ್ಣ ಸೂಜಿಯಿಂದ ಹಾಕಿ ಐದು ನಿಮಿಷ ಒತ್ತಿ ಹಿಡಿದರಾಯಿತು. ಸುನ್ನತ್, ಕಿವಿ ಚುಚ್ಚಿಸುವುದು, ಕೈಕಾಲು ಎಳೆದು ಮಾಡುವ ಎಣ್ಣೆ ಮಾಲೀಸು ಎಲ್ಲವೂ ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ಧರ್ಮದ ವಿಧಿಗೆ ಇದರಿಂದ ಭಂಗವಿಲ್ಲ, ದಿನ ಮುಂದಕ್ಕೆ ಹೋಗುತ್ತದೆ ಅಷ್ಟೇ.

ಆಗಾಗ ಆಗುವ ತಪ್ಪುಗಳು

ಬಿಟಿ–ಸಿಟಿ ನಾರ್ಮಲ್ ಇದೆ, ಚಿಂತೆ ಬೇಡ ಎನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೆರಳು ಚುಚ್ಚಿ, ರಕ್ತ ನಿಲ್ಲಲು ಮತ್ತು ಹೆಪ್ಪುಗಟ್ಟಲು ಬೇಕಾಗುವ ಸಮಯ ನೋಡುವ ಆ ಪರೀಕ್ಷೆ ಸೌಮ್ಯ ಹಿಮೋಫಿಲಿಯಾವನ್ನಾಗಲಿ ಸೌಮ್ಯ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯನ್ನಾಗಲಿ ಹಿಡಿಯುವುದಿಲ್ಲ. ಹದಿಮೂರನೇ ಫ್ಯಾಕ್ಟರ್ ಕೊರತೆಯಲ್ಲಂತೂ ಪಿಟಿ, ಎಪಿಟಿಟಿ ಎಂಬ ಮುಂದಿನ ಹಂತದ ಪರೀಕ್ಷೆಗಳೂ ಸರಿಯಾಗಿಯೇ ಬರುತ್ತವೆ. ಅದಕ್ಕೆ ಪ್ರತ್ಯೇಕ ಪರೀಕ್ಷೆ ಹೇಳಿ ಮಾಡಿಸಬೇಕು. ಮೊದಲ ಹೆರಿಗೆಯಲ್ಲಿ ಏನೂ ಆಗಲಿಲ್ಲ ಎಂಬುದೂ ಭರವಸೆಯಲ್ಲ, ಯಾಕೆಂದರೆ ಬಸಿರಿನ ಏರಿಕೆ ಪ್ರತಿ ಸಲವೂ ಒಂದೇ ತೆರನಾಗಿರಬೇಕೆಂದಿಲ್ಲ. ಅಣ್ಣನಿಗೆ ತಂದಿಟ್ಟ ಫ್ಯಾಕ್ಟರ್ ತಂಗಿಗೂ ಆದೀತು ಎಂದು ಮನೆಯಲ್ಲೇ ತೀರ್ಮಾನಿಸುವುದು, ಗರ್ಭಪಾತವಾದಾಗ ಇದು ಹೆರಿಗೆಯಲ್ಲವಲ್ಲ ಎಂದು ಎಚ್ಚರ ಬಿಡುವುದು, ಹೆರಿಗೆಯಾದ ಮೇಲೆ ಮಟ್ಟದ ಪರೀಕ್ಷೆಯನ್ನು ಮರೆತೇಬಿಡುವುದು ಕೂಡ ಮತ್ತೆ ಮತ್ತೆ ಆಗುವಂಥವು.

ಇಷ್ಟೆಲ್ಲ ಕಷ್ಟವಿದ್ದರೆ ಇಂಥವರು ಮಕ್ಕಳನ್ನೇ ಪಡೆಯದಿರುವುದು ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಹದಿಮೂರನೇ ಫ್ಯಾಕ್ಟರ್ ಇಲ್ಲದೆ ಗರ್ಭಪಾತದ ಮೇಲೆ ಗರ್ಭಪಾತವಾದ ಹೆಂಗಸರೂ ಮೂರು ನಾಲ್ಕು ವಾರಕ್ಕೊಮ್ಮೆ, ಬೇಕಾದರೆ ಇನ್ನೂ ಬೇಗ, ಆ ಅಂಶ ತುಂಬಿಸಿಕೊಂಡು ದಿನ ತುಂಬಿ ಹೆರುತ್ತಾರೆ. ಸೌಮ್ಯ ಕಾಯಿಲೆಯವರಿಗೆ ಬೇಕಾಗುವುದು ಕೆಲವು ಪರೀಕ್ಷೆ, ಎರಡು ವಾರದ ಮಾತ್ರೆ, ಗಮನವಿಟ್ಟು ನೋಡಿಕೊಳ್ಳುವ ಮನೆಯವರು. ನಿಮ್ಮ ಕುಟುಂಬದಲ್ಲಿ ಕುಸುಮ ರೋಗದ ಗಂಡಸರಿದ್ದು, ಮಗಳೋ ಸೋದರ ಸೊಸೆಯೋ ಈಗ ಬಸುರಿಯಾಗಿದ್ದರೆ, ಬರುವ 9ನೇ ತಾರೀಖಿನಂದು ತಾಯಿ ಕಾರ್ಡ್ ಹಿಡಿದು ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ವೈದ್ಯರು ಕೇಳುವ ಮೊದಲೇ ಆ ಗಂಡಸರ ಕಾಯಿಲೆಯ ಹೆಸರನ್ನು ಹೇಳಿ, ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ.